ಗಾಳಿಗೂ ಕಿವಿ

ವಾಮನ ಸುಳ್ಳು ಹೇಳುವ ಪೈಕಿಯವನಲ್ಲ. ೧೯೮೪ರ ಮೇ ತಿಂಗಳು, ನಾಗಪುರದ ಮಟಮಟ ಮಧ್ಯಾಹ್ನ. ಕೂಲರ್ ಕೆಟ್ಟು ಸೇನೆಯ ವೈರ್‌ಲೆಸ್ ಕೋಣೆಯ ಮೇಜೂ ಸುಡುತ್ತಿತ್ತು. ಮದ್ದುಗುಂಡಿನ ರೈಲು ಹೊರಡುವ ಹೊತ್ತನ್ನು ಅವನು ಹತ್ತಿರದ ಕಾಮಠಿ ದಂಡಿನ ಠಾಣೆಗೆ ತಿಳಿಸಬೇಕಿತ್ತು. ಹಾಳೆ ನೋಡಿ ಅದನ್ನು ಗುಪ್ತ ಸಂಕೇತಕ್ಕೆ ತಿರುಗಿಸಲು ಅರ್ಧ ತಾಸು ಬೇಕು. ಇವತ್ತೊಂದು ದಿನ ನೇರವಾಗಿ ಕಳಿಸಿದರೆ ಯಾರು ಕೇಳ್ತಾರೆ ಎಂದುಕೊಂಡು ಸಂದೇಶ ಬಾರಿಸುವ ಮೋರ್ಸ್ ಕೀಲಿಗೆ ಕೈಯಿಟ್ಟ. ಕೀಲಿ ಮಾತ್ರ ಬಾವಿನೀರಿನಂತೆ ತಣ್ಣಗಿತ್ತು.

ಅವನಿಗೆ ಕೆಲಸ ಕಲಿಸಿದವರು ಧಾರವಾಡದ ಗುರುಸಿದ್ದಪ್ಪನವರು. ಒಮ್ಮೆ ಬಳಸಿದ ಸಂಕೇತದ ಹಾಳೆಯನ್ನು ಸುಟ್ಟು, ಬೂದಿಯನ್ನೂ ನೀರಲ್ಲಿ ಕಲಸುತ್ತಿದ್ದ ಮನುಷ್ಯ. ಅವರ ಕೆಲಸವೇನೆಂದು ಮೂವತ್ತು ವರ್ಷ ಹೆಂಡತಿಗೂ ಗೊತ್ತಿರಲಿಲ್ಲ. "ಗ್ವಾಡಿಗಷ್ಟ ಅಲ್ಲೋ ತಮ್ಮಾ, ಗಾಳಿಗೂ ಕಿವಿ ಅದಾವ" ಎನ್ನುತ್ತಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು.

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಮೋರ್ಸ್ ಶುರುವಾಯಿತು. ಉದ್ದ ಸದ್ದು ಬಾರಿಸಿ ತುಸು ತಡೆಯುವ ಆ ಕೈಯ ಧಾಟಿ ಗುರುಸಿದ್ದಪ್ಪನವರದೇ. ವಾಮನ ಅಕ್ಷರಗಳನ್ನು ಬರೆದುಕೊಂಡು, ಅಂದು ಬೆಳಿಗ್ಗೆ ತಾನೇ ಸೀಲು ಒಡೆದಿದ್ದ ಹಾಳೆ ಹಿಡಿದು ಬಿಡಿಸಿದ. ಬರೋಬರ್ ಕೂತಿತು: "ಗಾಳಿಗೂ ಕಿವಿ ಅದಾವ."

ಅರ್ಧ ತಾಸು ಕೂತು ಸಂದೇಶವನ್ನು ಸಂಕೇತದಲ್ಲೇ ಕಳಿಸಿದ.

ಆ ಹಾಳೆಗೆ ಇದ್ದದ್ದು ಇನ್ನೊಂದೇ ಪ್ರತಿ, ಕಾಮಠಿಯ ತಿಜೋರಿಯಲ್ಲಿ. ಸಂಜೆ ಸ್ಕೂಟರ್ ಹತ್ತಿ ಅಲ್ಲಿಗೇ ಹೋಗಿ ಆಪರೇಟರ್ ಬೋಪಣ್ಣನನ್ನು ಕೇಳಿದ.

"ಇಲ್ಲಿಂದ ಯಾರೂ ಏನೂ ಕಳಿಸಿಲ್ಲ. ನಿಮ್ಮ ಸಂದೇಶ ಬಂದ ಮೇಲೇ ನಾನು ಲಕೋಟೆ ಒಡೆದದ್ದು" ಎಂದ ಬೋಪಣ್ಣ. "ಸೀಲು ಗಟ್ಟಿಯಾಗೇ ಇತ್ತು. ಆದರೆ ಒಳಗೆ ಹಾಳೆಯ ಜೊತೆ ಒಂದು ಚಿಟಿಕೆ ಹಸಿ ಬೂದಿ ಇತ್ತು."