ಕಿವಿರಿನ ಬಣ್ಣ

ಬೆಳಗಿನ ಹತ್ತು ಗಂಟೆಗೆ ಆಸ್ಪತ್ರೆಯ ಬಿಳಿ ವ್ಯಾನು ದಡ ಬಿಟ್ಟು ಸರೋವರದ ಮೇಲೆ ಇಳಿಯಿತು. ಚಕ್ರದ ಕೆಳಗೆ ನಾಲ್ಕು ಬೆರಳು ದಪ್ಪದ ಮಂಜುಗಡ್ಡೆ, ಅದರ ಕೆಳಗೆ ಮೂವತ್ತು ಮೀಟರ್ ಕಪ್ಪು ನೀರು. ಆದರೂ ಚಾಲಕ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದೇ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಮುದುಕಿ ಹಿಲ್ಕ ಮೀನಿನ ಶೆಡ್ಡಿನ ಕಡೆ ಕೈಬೀಸಿದಳು. ಶೆಡ್ಡಿನ ಬಾಗಿಲಲ್ಲಿ ಮೀನು ಕೊಯ್ಯುತ್ತಿದ್ದ ಜಲಜಾ ಚೂರಿಯನ್ನೇ ಬೀಸಿ ಉತ್ತರ ಕೊಟ್ಟಳು. ವಾರಕ್ಕೆ ಮೂರು ಸಲ ಹೀಗೆ. ಹಿಲ್ಕಳ ಮೂತ್ರಪಿಂಡಗಳು ಕೈಕೊಟ್ಟಿದ್ದವು. ರಕ್ತ ಸೋಸುವ ಡಯಾಲಿಸಿಸ್ ಯಂತ್ರ ಇದ್ದದ್ದು ಆಚೆ ದಡದ ಪಟ್ಟಣದಲ್ಲಿ.

ಅದು ಫಿನ್‌ಲೆಂಡಿನ ಉತ್ತರ ತುದಿಯ ಕೈರಾ ಸರೋವರ. ಇಸವಿ 2066ರ ಫೆಬ್ರವರಿ. ಹಿಂದೆ ಡಿಸೆಂಬರಿಗೆಲ್ಲ ಮೊಳ ದಪ್ಪದ ಮಂಜುಗಡ್ಡೆ ಕಟ್ಟಿ ಲಾರಿಗಳೇ ಓಡಾಡುತ್ತಿದ್ದವಂತೆ. ಚಳಿಗಾಲ ಸೊರಗುತ್ತ ಬಂದಂತೆ ಸರೋವರಕ್ಕೆ ಒಂದು ಹೊಸ ಋತು ಹುಟ್ಟಿಕೊಂಡಿತು. ದೋಣಿ ನುಗ್ಗದಷ್ಟು ಗಟ್ಟಿ, ಕಾಲಿಟ್ಟರೆ ಒಡೆಯುವಷ್ಟು ತೆಳು; ಮೊದಲು ಎರಡೇ ವಾರ ಇರುತ್ತಿದ್ದ ಈ ಸ್ಥಿತಿ ಐದು ತಿಂಗಳಿಗೆ ಹಿಗ್ಗಿತು. ಸುತ್ತುಬಳಸಿ ಹೋಗುವ ಡಾಂಬರು ರಸ್ತೆಯೂ ಉಳಿಯಲಿಲ್ಲ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲವೇ ಕರಗಿ, ರಸ್ತೆ ಕೆಸರಿನೊಳಗೆ ಕುಸಿದುಹೋಗಿತ್ತು.

ಆಗ ಬಂದದ್ದು ಹಿಮನಾರು. ಗದಗದ ಕಡೆಯ ವಿಜ್ಞಾನಿ ಡಾ. ಸುಮೇಧಾ ಹೊಸಮನಿ ಬರ್ಚ್ ಮರದ ನಾರಿನಿಂದ ಸೊಳ್ಳೆಪರದೆಯಂಥ ತೆಳು ಚಾಪೆ ನೇಯಿಸಿದಳು. ಶರತ್ಕಾಲದಲ್ಲಿ ಅದನ್ನು ನೀರಿನ ಮೇಲೆ ಹಾಸಿಬಿಡುವುದು. ಮಣ್ಣಿನ ಇಟ್ಟಿಗೆಗೆ ಹುಲ್ಲು ಬೆರೆಸಿದರೆ ಹೇಗೆ ಬಿಗಿಯೋ ಹಾಗೆ, ನಾರಿನ ಸುತ್ತ ಕಟ್ಟಿದ ಮಂಜುಗಡ್ಡೆ ಬಿರಿಯುವುದಿಲ್ಲ. ಒಂದೂವರೆ ಗೇಣು ಬೇಕಾದ ಕಡೆ ನಾಲ್ಕು ಬೆರಳು ಸಾಕು. ವಸಂತದಲ್ಲಿ ಚಾಪೆಯನ್ನು ಸುತ್ತಿ ಎಳೆದುಕೊಂಡರೆ ಮುಗಿಯಿತು. ಆರು ವರ್ಷದಿಂದ ಒಂಬತ್ತು ಕಿಲೋಮೀಟರಿನ ಆ ರಸ್ತೆಯೇ ಊರಿನ ಉಸಿರು.

ಜಲಜಾ ಗಂಗೊಳ್ಳಿ ಬಂದರಿನವಳು. ಕಡಲಲ್ಲಿ ಮೀನು ಕಡಿಮೆಯಾದ ಮೇಲೆ, ಮೀನು ಕೊಯ್ಯಲು ಬಲ್ಲ ಹೆಂಗಸರು ಬೇಕೆಂದು ಇಲ್ಲಿಂದ ಕರೆ ಹೋದಾಗ ಬಂದವಳು. ಹನ್ನೊಂದು ವರ್ಷದಲ್ಲಿ ಇಲ್ಲಿಯ ಚಳಿಯೂ ಒಗ್ಗಿತ್ತು, ಭಾಷೆಯೂ ಒಗ್ಗಿತ್ತು. ಒಗ್ಗದೆ ಉಳಿದದ್ದು ಹಳೆಯ ಮೀನು ಮಾತ್ರ.

ಹಿಲ್ಕಳ ಗಂಡ ತೈಸ್ತೋ ರಸ್ತೆಯ ಅಂಚಿನಲ್ಲಿ ತೂತು ಕೊರೆದು ಬಲೆ ಇಳಿಸುತ್ತಿದ್ದ. ಕೆಂಪು ಹೊಟ್ಟೆಯ ಚಾರ್ ಮೀನಿನ ಬುಟ್ಟಿಯನ್ನು ಅವನು ಅಂದೂ ತಂದಿಟ್ಟ. ಜಲಜಾ ಒಂದನ್ನೆತ್ತಿ ಕಿವಿರು ಬಿಡಿಸಿ ನೋಡಿದಳು. ರಕ್ತದ ಕೆಂಪು ಇರಬೇಕಾದಲ್ಲಿ ಕೆಸರಿನ ಬಣ್ಣ, ಮೇಲೆ ಲೋಳೆ.

"ಇದು ನಿನ್ನೆಯದ್ದು."

"ಒಂದು ಗಂಟೆ ಹಿಂದೆ ತೆಗೆದದ್ದು," ಎಂದ ತೈಸ್ತೋ.

"ಹಾಗಾದರೆ ನನ್ನ ಕಣ್ಣು ಸುಳ್ಳಾ?"

"ನಿನ್ನ ಕಣ್ಣು ಉಪ್ಪುನೀರಿನದ್ದು."

ಅವಳು ಮೀನನ್ನು ನಾಯಿಗಳ ಬುಟ್ಟಿಗೆ ಎಸೆದಳು. ಇಪ್ಪತ್ತು ದಿನದಿಂದ ಹೀಗೇ ಅರ್ಧಕ್ಕರ್ಧ ಎಸೆಯುತ್ತಿದ್ದಳು. ತೈಸ್ತೋ ಮೊದಲೇ ಮಾತು ಕಡಿಮೆಯ ಮನುಷ್ಯ. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಕನ್ನಡ ಮಾತಾಡುವ ಆಸೆಗೆ ಶೆಡ್ಡಿಗೆ ಬರುವ ಸುಮೇಧಾ ಮಧ್ಯಾಹ್ನ ನಕ್ಕಳು. "ಜಲಜಕ್ಕಾ, ಮುದುಕಪ್ಪಗ ಕಳ್ಳ ಅಂದ್ರಂತ? ಊರ ತುಂಬ ಅದ ಮಾತು."

"ಕಳ್ಳ ಅಂದದ್ದಲ್ಲ ಡಾಕ್ಟ್ರೆ, ಹಳತ್ ಮೀನ್ ಅಂದದ್ದ್. ನಲವತ್ತ್ ವರ್ಷ ಆಯ್ತ್ ಮೀನ್ ಕಾಂಬುಕ್ ಶುರು ಮಾಡಿ. ಕಿವಿ ಬಿಡ್ಸಿ ಕಂಡ್ರೆ ನಂಗೆ ಗೊತ್ತಾತ್ತಿಲ್ಯಾ?"

"ನಿಮ್ಗ ಗೊತ್ತಾಗೂದಿಲ್ಲ ಅಂತ ಯಾರ ಅಂತಾರ್ರೀ. ಆದ್ರ ಅಂವಾ ಸುಳ್ಳ ಹೇಳೂ ಪೈಕಿ ಅಲ್ಲ."

ಅದೇ ಜಲಜಾಳಿಗೂ ಚುಚ್ಚುತ್ತಿದ್ದದ್ದು. ಮರುದಿನ ಅವನ ಸುಳ್ಳನ್ನು ಬಲೆಯ ಬಳಿಯೇ ಹಿಡಿಯಬೇಕೆಂದು ಬೂಟು ತೊಟ್ಟು ಹೊರಟಳು. ತೈಸ್ತೋ ಅವಳ ಕಣ್ಣೆದುರೇ ಬಲೆ ಎಳೆದ. ಮೊದಲ ಮೀನು ಮಂಜಿನ ಮೇಲೆ ಬಿದ್ದು ಮೆಲ್ಲಗೆ ಒದ್ದಾಡಿತು. ಬಾಯಿ ತೆರೆದೇ ಇತ್ತು. ಕಿವಿರಿನ ಮುಚ್ಚಳ ಎರಡೂ ಅಗಲಿಸಿ ನಿಂತಿದ್ದವು. ಅವಳು ಮೊಣಕಾಲೂರಿ ಒಳಗೆ ನೋಡಿದಳು. ಅದೇ ಕೆಸರಿನ ಬಣ್ಣ, ಅದೇ ಲೋಳೆ. ಹೆಬ್ಬೆರಳಿನ ಕೆಳಗೆ ಮೀನು ಇನ್ನೂ ಉಸಿರಿಗೆ ತಡಕಾಡುತ್ತಿತ್ತು.

ಜೀವಂತ ಮೀನಿಗೆ ಸತ್ತ ಮೀನಿನ ಕಿವಿರು. ಇಂಥದ್ದನ್ನು ಅವಳು ಕಂಡಿರಲಿಲ್ಲ.

"ತೈಸ್ತೋ, ತಪ್ಪಾಯಿತು."

"ಇಪ್ಪತ್ತು ದಿನ ತಡವಾಯಿತು," ಎಂದ ಅವನು. ಆದರೆ ಕೂರಲು ತನ್ನ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದ.

"ಬಲೆ ಎಷ್ಟು ಆಳಕ್ಕೆ ಇಳಿಸಿದ್ದಿ?"

"ಹತ್ತು ಮೀಟರ್. ಚಾರ್ ಚಳಿಗಾಲದಲ್ಲಿ ತಳದ ಗುಂಡಿಯಲ್ಲಿ ಇರುವ ಮೀನು. ಈ ಸಲ ತಾನಾಗಿ ಮೇಲೆ ಬಂತು. ಎಳೆಯುವ ಕಷ್ಟ ಕಡಿಮೆಯಾಯಿತೆಂದು ನನಗೆ ಖುಷಿಯೇ ಆಗಿತ್ತು." ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಹೊಳೆಯಿತು: ಮೀನು ಮೇಲೆ ಬಂದದ್ದು ಉಸಿರು ಹುಡುಕಿಕೊಂಡು.

ತಳದಲ್ಲಿ ಮೀನಿಗೆ ಉಸಿರಿಲ್ಲ ಎಂಬುದನ್ನು ಸುಮೇಧಾ ಮೊದಲು ಒಪ್ಪಲಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಮೀಟರುಗಳನ್ನು ಅವಳು ರಸ್ತೆಯುದ್ದಕ್ಕೂ ನೇತುಹಾಕಿದ್ದಳು. "ಎಲ್ಲಾ ಸರಿ ತೋರಸಾಕತ್ತಾವ ಜಲಜಕ್ಕಾ."

"ಮೀಟರ್ ಎಷ್ಟ್ ಆಳ್ದಂಗೆ ಇತ್ತ್?"

"ಎರಡು ಮೀಟರ್."

"ಮೀನ್ ಇಪ್ಪುದ್ ಎಲ್ಲಿ?"

ಸುಮೇಧಾ ಹೋಗಿ ಹಗ್ಗ ತಂದಳು. ಅದೇ ತೂತಿನಿಂದ ಮೀಟರನ್ನು ಇಳಿಸುತ್ತ ಹೋದಂತೆ ಅಂಕಿಯೂ ಇಳಿಯಿತು. ಹತ್ತು ಮೀಟರಿಗೆ ಇರಬೇಕಾದದ್ದರ ಅರ್ಧ, ಇಪ್ಪತ್ತಕ್ಕೆ ಲೆಕ್ಕಕ್ಕೆ ಸಿಗದಷ್ಟು, ಇಪ್ಪತ್ತೆಂಟಕ್ಕೆ ಸೊನ್ನೆ. ತಳದ ಕೆಸರನ್ನು ಡಬ್ಬಿಯಲ್ಲಿ ಎತ್ತಿದಾಗ ಕಂದು ಬಣ್ಣದ ಹತ್ತಿಯಂಥದ್ದು ಬಂತು. ವಾಸನೆ ಮೂಗಿಗೆ ಬಡಿದದ್ದೇ ಜಲಜಾಳಿಗೆ ಗಂಗೊಳ್ಳಿಯ ಹೊಳೆಬದಿ ನೆನಪಾಯಿತು. ಹಗ್ಗ ಹೊಸೆಯಲು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕುವ ಗುಂಡಿ. ಆ ಗುಂಡಿಯ ಹತ್ತಿರ ಒಂದು ಮರಿಮೀನೂ ಸುಳಿಯುತ್ತಿರಲಿಲ್ಲ.

"ಡಾಕ್ಟ್ರೆ, ಇದ್ ನಿಮ್ಮ ನಾರೇ."

ಸುಮೇಧಾ ಕೈಗವಸು ಕಳಚಿ ಆ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದಳು. ಪ್ರತಿ ವಸಂತದಲ್ಲೂ ನೂರಕ್ಕೆ ತೊಂಬತ್ತೇಳು ಪಾಲು ನಾರು ವಾಪಸು ಬರುತ್ತಿತ್ತು. ಚಕ್ರಕ್ಕೆ ಸಿಕ್ಕಿ ಪುಡಿಯಾದ ಮೂರು ಪಾಲನ್ನು ಅವಳು ಸವಕಳಿ ಎಂದು ಬರೆದು ಪುಟ ತಿರುಗಿಸಿದ್ದಳು. ಆರು ವರ್ಷದ ಮೂರು ಪಾಲುಗಳು ಈಗ ಸರೋವರದ ಗುಂಡಿಯ ತಳದಲ್ಲಿ ಕೂತು, ಅಲ್ಲಿದ್ದ ಉಸಿರನ್ನೆಲ್ಲ ತಿಂದು ಕೊಳೆಯುತ್ತಿದ್ದವು.

"ಹಳೇ ಸರೋವರ ಆಗಿದ್ರ ತಡಕೋತಿತ್ತು," ಎಂದಳು ಮೆಲ್ಲಗೆ. "ಅವಾಗ ಬ್ಯಾಸಗಿ ಎರಡ ತಿಂಗಳು ಸಣ್ಣದಿತ್ತು, ತಳ ತಣ್ಣಗಿತ್ತು, ಕೊಳೀಲಿಕ್ಕೆ ಐವತ್ತು ವರ್ಷ ಬೇಕಿತ್ತು. ನಾನು ಹಳೇ ಪುಸ್ತಕದಾಗಿನ ಸರೋವರಕ್ಕ ನಾರು ಮಾಡಿದೆ."

ಆ ತಿಂಗಳ ಕೊನೆಗೆ ಇನ್ನೂ ನಲವತ್ತು ಸರೋವರಗಳಿಗೆ ಹಿಮನಾರು ಹಾಸಲು ಅವಳು ಸಹಿ ಮಾಡಬೇಕಿತ್ತು.

ಮೂವರೂ ತೈಸ್ತೋನ ಅಡುಗೆಮನೆಗೆ ಬಂದರು. ಹಿಲ್ಕ ಸೂಜಿ ಚುಚ್ಚಿದ ತೋಳಿಗೆ ಶಾಲು ಸುತ್ತಿಕೊಂಡು ಕೂತಿದ್ದಳು. ತೈಸ್ತೋ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ಮೀನು ಸಾಯುತ್ತಿದೆ, ಕಾರಣ ರಸ್ತೆ, ರಸ್ತೆ ಹೋದರೆ ವ್ಯಾನು ಬರುವುದಿಲ್ಲ.

ಹಿಲ್ಕ ಗಂಡನ ಮುಖ ನೋಡಿದಳು, ಆಮೇಲೆ ಸುಮೇಧಾಳದ್ದು. "ನನ್ನನ್ನು ಕೇಳಲು ಬಂದಿರಾ? ಕೇಳಬೇಡಿ. ಕೇಳಿದರೆ ರಸ್ತೆ ಇರಲಿ ಅಂತೀನಿ. ನನ್ನ ಜಾಗದಲ್ಲಿ ನೀವಿದ್ದರೂ ಅದನ್ನೇ ಹೇಳ್ತೀರಿ."

ಒಲೆಯ ಮೇಲೆ ಕಾಫಿ ಉಕ್ಕಿತು; ಜಲಜಾ ಎದ್ದು ಇಳಿಸಿದಳು. ಸುಮ್ಮನೆ ಕೂರುವ ಕಡೆ ಅವಳ ಕೈ ಹೀಗೇ ಏನಾದರೂ ಹುಡುಕಿಕೊಳ್ಳುತ್ತಿತ್ತು.

"ಈ ಚಳಿಗಾಲಕ್ಕೆ ಹಾಸಿದ್ದು ಹಾಸಿ ಆಗಿದೆ," ಎಂದಳು ಅವಳು ಅಲ್ಲಿಯ ಭಾಷೆಯಲ್ಲಿ. "ಲಾರಿಗಳು ಬೇಡ, ಆಸ್ಪತ್ರೆ ವ್ಯಾನು ಮಾತ್ರ ಓಡಲಿ. ಮುಂದಿನ ಸಲ ಹಾಸುವುದು ಬೇಡ. ಹಿಲ್ಕ, ಅಕ್ಟೋಬರಿಗೆ ಪಟ್ಟಣದಲ್ಲಿ ನಿನಗೊಂದು ಕೋಣೆ ನೋಡುತ್ತೇನೆ."

"ಐದು ತಿಂಗಳು?"

"ಐದು ತಿಂಗಳು."

"ಅಲ್ಲಿಂದ ಸರೋವರ ಕಾಣುತ್ತದಾ?"

"ಕಾಣುವ ಕೋಣೆಯನ್ನೇ ನೋಡುತ್ತೇನೆ."

ಹಿಲ್ಕ ಕಿಟಕಿಯಾಚೆಯ ಸರೋವರದ ಕಡೆ ತಿರುಗಿದಳು. ಸುಮೇಧಾ ಚೀಲದಿಂದ ನಲವತ್ತು ಸರೋವರಗಳ ಕಾಗದ ತೆಗೆದು, ಸಹಿ ಹಾಕುವ ಜಾಗದಲ್ಲಿ ಅಡ್ಡಗೆರೆ ಎಳೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣ ಬರೆಯತೊಡಗಿದಳು. ಆ ನಲವತ್ತು ದಡಗಳಲ್ಲಿಯೂ ಯಾವುದಾದರೊಬ್ಬ ಹಿಲ್ಕ ವ್ಯಾನಿಗಾಗಿ ಕಾಯುತ್ತಿರುತ್ತಾಳೆಂಬುದು ಅವಳಿಗೆ ತಿಳಿದಿತ್ತು. ಬರೆಯುವ ಕೈ ಎರಡು ಸಲ ನಿಂತಿತು.

ಅಕ್ಟೋಬರಿನ ಕೊನೆಯ ದೋಣಿಯಲ್ಲಿ ಹಿಲ್ಕ ಪಟ್ಟಣಕ್ಕೆ ಹೋದಳು. ನವೆಂಬರಿನಲ್ಲಿ ಸರೋವರ ಗಾಜಿನ ಪೊರೆ ಕಟ್ಟಿಕೊಂಡು, ಅತ್ತ ನೀರೂ ಅಲ್ಲ, ಇತ್ತ ನೆಲವೂ ಅಲ್ಲ ಎಂಬಂತೆ ಬಿದ್ದುಕೊಂಡಿತು. ತೈಸ್ತೋ ಆ ವರ್ಷ ಬಲೆ ಇಳಿಸಲಿಲ್ಲ. ಮಧ್ಯಾಹ್ನದ ಹೊತ್ತು ದಡಕ್ಕೆ ಬಂದು, ಆಚೆ ದಡದ ಕಡೆ ಮುಖ ಮಾಡಿ ನಿಂತೇ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದ. ಗುಂಡಿಯ ತಳಕ್ಕೆ ಮತ್ತೆ ಉಸಿರು ಬರಲು ಎಷ್ಟು ವರ್ಷ ಬೇಕೋ ಸುಮೇಧಾಳಿಗೂ ಗೊತ್ತಿರಲಿಲ್ಲ. ಈಗ ಅವಳು ಮೀಟರನ್ನು ತಳದವರೆಗೂ ಇಳಿಸುತ್ತಿದ್ದಳು.

ಶೆಡ್ಡಿನ ಬಾಗಿಲಲ್ಲಿ ಕೆಲಸವಿಲ್ಲದೆ ನಿಂತ ಜಲಜಾಳಿಗೆ ಅಂಥ ಒಂದು ಮಧ್ಯಾಹ್ನ ನಲವತ್ತು ವರ್ಷದ ಹಿಂದಿನ ಮಾತು ನೆನಪಾಯಿತು. ಇಸವಿ 2026, ಅವಳಿಗೆ ಹದಿನೆಂಟು. ಗಂಗೊಳ್ಳಿಯ ಮೀನು ಮಾರ್ಕೆಟ್ಟಿನಲ್ಲಿ ಚಿಕ್ಕಮ್ಮನ ಪಕ್ಕ ಕೂತಿದ್ದಳು. ಗಿರಾಕಿ ಹೆಂಗಸೊಬ್ಬಳು ಬಂಗಡೆಯ ಕಿವಿರು ಬಿಡಿಸಿ ನೋಡಿ, ಹಳತ್ ಮೀನ್ ಎಂದು ಬುಟ್ಟಿಗೆ ಎಸೆದಳು. "ಬೆಳಿಗ್ಗೆ ಬಂದ ದೋಣಿದ್ ಅಮ್ಮ, ದೇವ್ರಾಣೆ," ಎಂದಳು ಚಿಕ್ಕಮ್ಮ. ಮಾತಿಗೆ ಮಾತು ಬೆಳೆದು, ಗಿರಾಕಿ ಚಿಕ್ಕಮ್ಮನನ್ನು ಮೋಸಗಾತಿ ಎಂದಳು. ಚಿಕ್ಕಮ್ಮ ಅವಳನ್ನು ಕಣ್ಣು ಕಾಣದವಳು ಎಂದಳು. ಸುತ್ತಲಿದ್ದವರು ನಕ್ಕರು. ಜಲಜಾಳೂ ನಕ್ಕಿದ್ದಳು.

ಆ ಬಂಗಡೆ ನಿಜಕ್ಕೂ ಹಳೆಯದೇ ಇದ್ದಿರಬಹುದು. ಅಥವಾ ಕಡಲಿನಲ್ಲೇ ಉಸಿರು ಸಿಗದ ತಾಜಾ ಮೀನೂ ಆಗಿದ್ದಿರಬಹುದು. ಈಗ ತಿಳಿಯುವ ದಾರಿಯಿಲ್ಲ. ಕಡಲು ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿತ್ತು, ಮತ್ತು ಆ ಬೆಳಿಗ್ಗೆ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ.