ಹಿಂದಿನ ಸೀಟು

ಬೂದು ಬಣ್ಣದ ಆ ಎತ್ತರದ ಕಾರು ಗೇಟಿನ ಮುಂದೆ ಬಂದು ನಿಂತಾಗ, ಬಾಗಿಲ ಬಳಿ ಮೇಜು ಹಾಕಿಕೊಂಡು ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತಿದ್ದ ಬೈಂಡರ್ ತಲೆ ಎತ್ತಿ ನೋಡಿದ. ಬ್ರಷ್ ಅವನ ಕೈಯಿಂದ ಜಾರಿ ಬಿತ್ತು.

ಗೇಟಿನವರೆಗೆ ಓಡಿಯೇ ಬಂದ. ಆದರೆ ಕಾರಿನಿಂದ ಇಳಿದವಳನ್ನು ಕಂಡು ಹಾಗೇ ನಿಂತುಬಿಟ್ಟ. ಬೆಳಗಿದ್ದ ಮುಖ ಅವಳ ಕಣ್ಣೆದುರೇ ಆರಿಹೋಯಿತು.

ನನ್ನನ್ನು ನೋಡಿ ಯಾರ ಮುಖವೂ ಹೀಗೆ ಬಾಡಿದ್ದಿಲ್ಲ... ಅಂದುಕೊಂಡಳು ಅವಳು.

"ಕ್ಷಮಿಸಿ... ಈ ಕಾರು ನಿಮ್ಮದಾಗಿತ್ತಾ?"

"ಹೌದು. ನೀವು ಇಲ್ಲಿಗೆ ಹೇಗೆ ಬಂದ್ರಿ?"

"ಇದೇ ಕರ್ಕೊಂಡು ಬಂತು."

ಅವಳು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವವಳು. ಲೆನ್ಸಿನ ಪೆಟ್ಟಿಗೆ, ಅಕ್ಷರಗಳ ಚಾರ್ಟು, ಮಡಚುವ ಸ್ಟೂಲು, ಎಲ್ಲವನ್ನೂ ಹೊತ್ತು ತಿರುಗಲು ಎರಡು ತಿಂಗಳ ಹಿಂದೆ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಳು. ಕೊಂಡ ಮೇಲೆ ಮನಸ್ಸಿಗೆ ಹಿಡಿಸಿತ್ತು. ಎತ್ತರದಲ್ಲಿ ಕೂತರೆ ರಸ್ತೆ ಪೂರ್ತಿ ಕಾಣುತ್ತಿತ್ತು. ಮಂಡಿ ನೋವಿನ ಅಮ್ಮ ಸೋಫಾದ ಮೇಲೆ ಕೂತಷ್ಟು ಸಲೀಸಾಗಿ ಹತ್ತಿ ಕೂರುತ್ತಿದ್ದರು.

ಆದರೆ... ಎಸಿ ಹಾಕಿದೊಡನೆ ಬರುವ ಮೊದಲ ಗಾಳಿಯಲ್ಲಿ ನೋವಿನ ಮುಲಾಮಿನ ವಾಸನೆ. ಸಂಜೆ ಕೆಲಸ ಮುಗಿಸಿ ಹೊರಟರೆ ಕಾರಿನ ದಾರಿ ತೋರಿಸುವ ಪರದೆಯ ಮೇಲೆ 'ಮನೆಗೆ ಹದಿನೆಂಟು ನಿಮಿಷ' ಎಂಬ ಸಾಲು. ಅದು ಅವಳ ಮನೆಯಲ್ಲ. ಹಿಂದೆ ಯಾರೂ ಇಲ್ಲದಿದ್ದರೂ, ಬೆಲ್ಟ್ ಹಾಕಿ ಎಂದು ಹಿಂದಿನ ಸೀಟಿನ ಅಲಾರಂ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತಿತ್ತು.

"ಯಾರೋ ನಮ್ಮ ಜೊತೆ ಬರ್ತಿದ್ದಾರೆ ಕಣೇ," ಎಂದಿದ್ದರು ಅಮ್ಮ. ಆಮೇಲೆ ಅವರು ಹಿಂದೆ ಕೂರಲೇ ಇಲ್ಲ.

ಕೊನೆಗೆ ಇವತ್ತು, ಆ ಮನೆ ಯಾವುದೆಂದು ನೋಡಿಯೇ ಬಿಡೋಣ ಎಂದು ಕಾರು ತೋರಿಸಿದ ದಾರಿ ಹಿಡಿದು ಬಂದಿದ್ದಳು.

ಪರದೆಯಿಂದ ತನ್ನ ಮನೆಯ ವಿಳಾಸ ಅಳಿಸುವುದು ಹೇಗೆಂದು ಬೈಂಡರ್ ಹೇಳಿಕೊಟ್ಟ. ಕಾರಿನೊಳಗೆ ಕೂರಲಿಲ್ಲ, ಕಿಟಕಿಯಾಚೆ ನಿಂತೇ ಯಾವ ಗುಂಡಿ ಒತ್ತಬೇಕೆಂದು ತೋರಿಸಿದ. ಕೊನೆಯ ಗುಂಡಿ ಬಂದಾಗ ಅವಳ ಬೆರಳು ನಿಂತಿತು.

"ಇರ್ಲಿ ಬಿಡಿ," ಎಂದಳು.

ಆಗ ಅವನು ನೆಲ ನೋಡುತ್ತ, ಹೆಂಡತಿ ಕಾಯಿಲೆಯಿಂದ ತೀರಿಕೊಂಡು ವರ್ಷವಾಯಿತೆಂದು ಹೇಳಿದ. ಅವಳು ಮುಂದೆ ಕೇಳಲಿಲ್ಲ.

ಗುರುವಾರದ ಕೊನೆಯ ಶಾಲೆ ಅವನ ಬೀದಿಯ ಹತ್ತಿರವೇ ಇತ್ತು. ಶಾಲೆಯ ಹರಿದ ಪುಸ್ತಕಗಳನ್ನು ಬೈಂಡಿಂಗಿಗೆ ಕೊಡುವ ನೆಪದಲ್ಲಿ ಅವಳು ಪ್ರತಿ ವಾರ ಬರತೊಡಗಿದಳು. ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ, ರಿವರ್ಸ್ ಕ್ಯಾಮೆರಾ ಒರೆಸದಿದ್ದರೆ ಮಸುಕಾಗುತ್ತದೆ... ಕಾರಿನ ಗುಣ ಅವಗುಣಗಳನ್ನೆಲ್ಲ ಅವನು ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ಕೈ ಯಾವಾಗಲೂ ಹಿಂದಿನ ಬಾಗಿಲ ಮೇಲೆಯೇ ಇರುತ್ತಿತ್ತು.

ಗುರುವಾರ ಮಗಳು ಕನ್ನಡಿ ಬಿಟ್ಟು ಕದಲದಿರುವುದನ್ನು ಅಮ್ಮ ನೋಡಿದರು. ತಮ್ಮಷ್ಟಕ್ಕೆ ನಕ್ಕರು.

ಅವನು ಕಾಯುವುದು ನನಗಾಗಿಯೋ... ಈ ಕಾರಿಗಾಗಿಯೋ?

ಮೂರು ತಿಂಗಳು ಹೀಗೇ ಕಳೆಯಿತು. ಒಂದು ದಿನ ಅಲಾರಂ ತೋರಿಸಲು ಗ್ಯಾರೇಜಿಗೆ ಹೋದಳು. ಆ ಕಾರನ್ನು ಹೊಸದಾಗಿದ್ದಾಗಿನಿಂದಲೂ ಬಲ್ಲ ಮೆಕ್ಯಾನಿಕ್ ಸೀಟು ಬಿಚ್ಚಿ ನೋಡಿ, ವೈರೆಲ್ಲ ಸರಿಯಾಗಿದೆ ಎಂದ. ಆಮೇಲೆ ದನಿ ತಗ್ಗಿಸಿದ.

"ಬೈಂಡರ್ ಹೆಂಡ್ತಿ, ಆಯಮ್ಮ ಜೀವ ಬಿಟ್ಟಿದ್ದು ಇದೇ ಸೀಟಲ್ಲಿ ಮೇಡಂ. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಅವಳು ಅಲ್ಲಿಂದ ನೇರ ಅವನ ಮನೆಗೆ ಬಂದಳು. ದಾರಿಯುದ್ದಕ್ಕೂ ಹಿಂದೆ ಟಿಣ್ ಟಿಣ್ ಸದ್ದು... ಕನ್ನಡಿ ನೋಡುವ ಧೈರ್ಯ ಬರಲಿಲ್ಲ.

"ಇಷ್ಟು ದಿನ ಆ ಬಾಗಿಲ ಮೇಲೆ ಕೈಯಿಟ್ಟು ಮಾತಾಡಿದ್ರಲ್ಲ. ಅದು ನನ್ನ ಜೊತೆನಾ, ಅವರ ಜೊತೆನಾ?"

ಅವನು ಮೇಜಿನ ಕಡೆ ತಿರುಗಿ ಅಂಟಿನ ಬ್ರಷ್ ಕೈಗೆತ್ತಿಕೊಂಡ. ಕಾದು, ಕಾದು, ಅವಳು ಹೊರಟುಹೋದಳು.

ಮೂರು ಗುರುವಾರ ಬೇರೆ ದಾರಿಯಲ್ಲಿ ಮನೆಗೆ ಹೋದಳು. ನಾಲ್ಕನೆಯ ಗುರುವಾರ ಅವನೇ ಶಾಲೆಯ ಗೇಟಿನ ಬಳಿ ನಿಂತಿದ್ದ. ಗಡ್ಡ ಬೆಳೆದಿತ್ತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ.

ಮನೆಯಿಂದ ಆಸ್ಪತ್ರೆಗೆ ಎರಡು ದಾರಿ. ಹತ್ತಿರದ್ದು ಮಾರ್ಕೆಟ್ ರಸ್ತೆ. ಉದ್ದಕ್ಕೂ ಹಂಪು, ಗುಂಡಿ. ಮೂಳೆಗಳೇ ಸವೆದಿದ್ದ ಹೆಂಡತಿ ಪ್ರತಿ ಕುಲುಕಿಗೂ ಚೀರುತ್ತಿದ್ದಳು. ಅವತ್ತು ಬೆಳಿಗ್ಗೆ ಉಸಿರು ಕಟ್ಟಿದಾಗ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ನುಣುಪಾದ ಸುತ್ತು ರಸ್ತೆಯಲ್ಲಿ ಹೊರಟ. ಮಲಗಿದವಳಿಗೆ ಬೆಲ್ಟ್ ಹಾಕಲಾಗಲಿಲ್ಲ. ಅಲಾರಂ ದಾರಿಯುದ್ದಕ್ಕೂ ಬಡಿದುಕೊಂಡಿತು. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಅವಳಿರಲಿಲ್ಲ.

ಅವಳು ತಿರುಗಿ, ಪಕ್ಕದಲ್ಲೇ ನಿಂತಿದ್ದ ಕಾರಿನ ಹಿಂದಿನ ಸೀಟು ನೋಡಿದಳು.

"ಹನ್ನೆರಡು ನಿಮಿಷ ಜಾಸ್ತಿ ಆಯ್ತು," ಎಂದ ಅವನು. "ಚಿಕ್ಕ ರಸ್ತೇಲಿ ಹೋಗಿದ್ರೆ ಉಳೀತಿದ್ಲೇನೋ... ಇದನ್ನ ಹೇಳಿದ್ರೆ ನೀವು ಮತ್ತೆ ಬರಲ್ಲ ಅಂತ ಹೇಳ್ಲಿಲ್ಲ."

ಅವಳು ಹಿಂದಿನ ಬಾಗಿಲು ತೆರೆದಳು. "ಹತ್ತಿ. ಮಲಗಿ."

ವರ್ಷಕ್ಕೂ ಹೆಚ್ಚು ಕಾಲ ಆ ಕಾರಿನೊಳಗೆ ಕಾಲಿಡದಿದ್ದವನು ಬಾಗಿಲು ಹಿಡಿದು ಹತ್ತಿ, ಕಾಲು ಮಡಚಿ ಮಲಗಿದ. ಅವಳು ಮಾರ್ಕೆಟ್ ರಸ್ತೆಗೆ ತಿರುಗಿಸಿದಳು.

ಮೊದಲ ಹಂಪಿಗೆ ಅವನ ತಲೆ ಬಾಗಿಲಿಗೆ ತಾಗಿತು. ಮುಂದೆ ಗುಂಡಿ, ಮತ್ತೆ ಹಂಪು. ಸ್ಟೀರಿಂಗ್ ಹಿಡಿದಿದ್ದಾಗ ಏನೂ ಅನ್ನಿಸದ ಕುಲುಕು, ಮಲಗಿದವನ ಬೆನ್ನುಮೂಳೆಗೆ ಗುದ್ದುತ್ತಿತ್ತು. ಹಲ್ಲು ಕಚ್ಚಿದ. ಕೊನೆಗೆ ತಡೆಯಲಾರದೆ ನರಳಿಬಿಟ್ಟ.

"ಸಾಕು... ನಿಲ್ಸಿ."

ರಸ್ತೆ ಬದಿಗೆ ನಿಲ್ಲಿಸಿದಳು. ಹಿಂದೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಗಟ್ಟಿಮುಟ್ಟಾಗಿರೋ ನಿಮಗೇ ಹೀಗಾದ್ರೆ ಅವರಿಗೆ ಹೇಗಿರ್ತಿತ್ತು?" ಎಂದಳು ಮೆಲ್ಲಗೆ. "ಉಳೀತಿದ್ರೋ ಇಲ್ವೋ ಯಾರಿಗೂ ಗೊತ್ತಿಲ್ಲ. ಆದ್ರೆ ನೀವು ಅವರನ್ನ ನೋಯಿಸ್ಲಿಲ್ಲ."

ಅವನು ಎದ್ದು ಕೂತ.

"ಈ ರಸ್ತೆ ಚೆನ್ನಾಗಿದೆ ಕಣ್ರೀ, ನಿದ್ದೆ ಬರ್ತಿದೆ ಅಂದ್ಲು... ಅದೇ ಕೊನೇ ಮಾತು. ಅಲಾರಂ ಸದ್ದೊಂದೇ ಕಿವೀಲಿ ಉಳ್ಕೊಂಡು, ಇದನ್ನ ಮರ್ತೇಬಿಟ್ಟಿದ್ದೆ."

ಹೊರಗೆ ಸಂಜೆಯ ಜನ ಚೀಲ ಹಿಡಿದು ಸಾಗುತ್ತಿದ್ದರು. ಈಗ ಇವನು ಇಳಿದು ಹೋಗುತ್ತಾನೆ... ಅಂದುಕೊಂಡಳು ಅವಳು.

"ಅವತ್ತು ಕೇಳಿದ್ರಲ್ಲ," ಎಂದ ಅವನು. "ಮೊದಲು ಅವಳ ಜೊತೆನೇ ಮಾತಾಡ್ತಿದ್ದೆ. ಸುಳ್ಳು ಹೇಳಲ್ಲ."

"ಆಮೇಲೆ?"

"ಆಮೇಲೆ ಕಾರಿನ ಸದ್ದು ಕೇಳಿದ್ರೆ, ನೀವು ಬಂದ್ರಿ ಅನ್ಸೋಕೆ ಶುರುವಾಯ್ತು. ಅವಳಿಗೆ ಮೋಸ ಮಾಡ್ತಿದ್ದೀನೇನೋ ಅಂತ ಭಯ ಆಯ್ತು. ಈ ಮೂರು ವಾರ ಆ ಸದ್ದು ಬರ್ಲಿಲ್ಲ... ಆ ಭಯಕ್ಕಿಂತ ಇದು ಕಷ್ಟ."

ಅವಳ ಕಣ್ಣು ಮಂಜಾಯಿತು. "ಅವರೂ ಇರ್ಲಿ ನಮ್ಮ ಜೊತೆ. ನನಗೇನೂ ಭಯ ಇಲ್ಲ."

ಹಿಂದಿನಿಂದ ಅಳುಕಿನ ದನಿ ಬಂತು. "ಮುಂದೆ ಬಂದು ಕೂತ್ಕೊಳ್ಲಾ?"

ಪಕ್ಕದ ಸೀಟಿನ ಮೇಲಿದ್ದ ತನ್ನ ಕೈಚೀಲವನ್ನು ಅವಳು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಬನ್ನಿ."