ಒಂದೂ ಬಲಿತಿರಲಿಲ್ಲ

"ಅಂಡಾಣುಗಳೇನೋ ಸಿಕ್ಕಿವೆ ಧನುಶ್ರೀ... ಆದರೆ ಒಂದೂ ಬಲಿತಿಲ್ಲ!"

ಬೆಂಗಳೂರಿನ ಪ್ರನಾಳ ಶಿಶು ಆಸ್ಪತ್ರೆಯಲ್ಲಿ ಮಂಪರು ಇಳಿಯುವ ಮೊದಲೇ ಡಾಕ್ಟರು ಹೇಳಿದ ಮಾತಿದು.

"ಅಂಗಾದ್ರೆ ಮಗು, ಮೇಡಂ...?"

"ಈ ಸಲ ಆಗಲ್ಲಮ್ಮ." ಡಾಕ್ಟರು ಅವಳ ಗಂಡ ಓಬಳೇಶನತ್ತ ತಿರುಗಿದರು. "ಕೊನೆಯ ಇಂಜೆಕ್ಷನ್ ನಾನು ಹೇಳಿದ ಹೊತ್ತಿಗೇ ಕೊಟ್ಟಿರಿ ತಾನೇ?"

"ಹೂಂ..." ಓಬಳೇಶ ತಲೆ ತಗ್ಗಿಸಿದ.

ತಿಪಟೂರು ಬರುವವರೆಗೂ ರೈಲಿನಲ್ಲಿ ಅವನು ಅವಳತ್ತ ತಿರುಗಿ ನೋಡಲಿಲ್ಲ. ಗಂಡಸಿನ ಮೌನಕ್ಕೆ ಹೆಂಗಸು ಎಷ್ಟೊಂದು ಅರ್ಥ ಹುಡುಕುತ್ತಾಳೆ ನೋಡಿ! 'ನನ್ನ ಮುಖವೂ ಬೇಡವಾಯಿತೇ ಇವರಿಗೆ?' ಎಂದು ಧನು ಸೆರಗು ಕಚ್ಚಿಕೊಂಡು ಅತ್ತಳು.

ಸ್ಟೇಷನ್ನಿನ ಬೂತಿನಿಂದ ಓಬಳೇಶ ಫೋನು ಮಾಡಿದ್ದರಿಂದ ಸುದ್ದಿ ಮೊದಲೇ ಹಟ್ಟಿ ತಲುಪಿತ್ತು. ಅತ್ತೆ ಜುಂಜಮ್ಮ ದಾರಿಯಲ್ಲೇ ತಡೆದಳು.

"ರಕ್ತ ಹೋಗ್ತೈತಾ?"

"ಸೂಜಿ ಹಾಕಿ ತಗದವ್ರೆ, ಅದ್ಕೆ ಒಸಿ ಹೋಗ್ತೈತೆ ಅತ್ತೆ... ಮುಟ್ಟಿಂದಲ್ಲ."

"ಯಾವ ರಕ್ತ ಆದ್ರೇನು! ಒಳಿಕ್ಕೆ ಬರಬ್ಯಾಡ, ಗುಡ್ಲಿಗೆ ನಡಿ. ಎಳೆಕಾಯಿ ಅಟ್ಟಕ್ಕೇರ್ಸಿದ್ರೆ ಕೊಬ್ರಿ ಆದಾತಾ? ಓಬಳೇಶ, ಕೆಂಕೆರೇಲಿ ಹೆಣ್ಣು ನೋಡಿವ್ನಿ. ನೀನು ಹೂಂ ಅನ್ನು ಸಾಕು!"

ಓಬಳೇಶ ಚೀಲ ಹಿಡಿದು ಒಳಗೆ ನಡೆದ.

ಮುಟ್ಟಾದವರನ್ನು ಇರಿಸುವ ಗರಿಯ ಗುಡಿಸಲಿನಲ್ಲಿ, ಹೊಟ್ಟೆ ಹಿಡಿದುಕೊಂಡು ಗೋಣಿತಾಟಿನ ಮೇಲೆ ಧನು ಬಿದ್ದುಕೊಂಡಳು.

ಮಾರನೇ ಮಧ್ಯಾಹ್ನ ಓಬಳೇಶ ಬಾಗಿಲಿಗೆ ಬಂದ.

"ಒಳಿಕ್ಕೆ ಬರಬ್ಯಾಡಿ! ಕೆಂಕೆರೆ ಹೆಣ್ಣು ಒಪ್ಪಿಗೆ ಅಂತ ಹೇಳಾಕ್ ಬಂದ್ರಾ?"

ಅವನು ಹೊಸ್ತಿಲಲ್ಲೇ ಕುಳಿತ. "ನಿನ್ ತಪ್ಪಿಲ್ಲ ಕಣೇ ಧನು... ಆ ಇಂಜೆಕ್ಷನ್ ದೀಪ ಹಚ್ಚೋ ಹೊತ್ಗೇ ಕೊಡಬೇಕಿತ್ತು. ದ್ಯಾವ್ರ ದಿನ, ಪೂಜೆ ಮುಗಿಯೋಗಂಟ ಹಟ್ಟೀಲಿ ಸೂಜಿ ಚುಚ್ಚಬ್ಯಾಡ ಅಂದ್ಳು ಅವ್ವ. ಎಲ್ಲಾ ಉಂಡೆದ್ದ ಮ್ಯಾಕೆ ಕೊಟ್ಟೆ. ತಡ ಆದ್ರೆ ಬಲಿಯಾಕಿಲ್ಲ ಅಂತ ಡಾಕ್ಟ್ರು ನಂಗೊಬ್ನಿಗೇ ಮೊದ್ಲೇ ಹೇಳಿದ್ರು. ಅವ್ರ ಮುಂದೆ ಸುಳ್ಳಾಡ್ದೆ..."

ಧನುವಿಗೆ ಆ ರಾತ್ರಿ ನೆನಪಾಯಿತು. ಚುಚ್ಚಿದ ಜಾಗವನ್ನು ಹತ್ತಿಯಿಂದ ಒತ್ತುತ್ತಾ, ನೋವಾಯ್ತಾ ಎಂದು ಎಷ್ಟು ಅಕ್ಕರೆಯಿಂದ ಕೇಳಿದ್ದ!

ಅವಳ ಕೈ ಎದ್ದು ಅವನ ಕೆನ್ನೆಗೆ ಬಿತ್ತು.

ಮುದ್ದೆ ತಟ್ಟೆ ಹಿಡಿದು ಬರುತ್ತಿದ್ದ ಜುಂಜಮ್ಮ ಕಿರುಚಿದಳು. "ಅಯ್ಯೋ! ಮುಟ್ಬುಟ್ಳಲ್ಲೋ! ಇನ್ನು ನೀನೂ ಒಳಿಕ್ಕೆ ಬರಂಗಿಲ್ಲ!"

"ಬರಾಕಿಲ್ಲ ಬುಡವ್ವ. ಕೆಡಿಸ್ದೋರು ನಾವಿಬ್ರು, ಇವಳಲ್ಲ. ಕೆಂಕೆರೆಯೋರ್ಗೆ ಇಲ್ಲ ಅಂತ ಹೇಳ್ಕಳಿಸು."

ಜುಂಜಮ್ಮ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಹೋದಳು.

"ಧನು... ಕ್ಷಮಿಸ್ತೀಯಾ?"

"ಇಲ್ಲ."

"ಅಂಗಾದ್ರೆ ನಾನೆಲ್ಲಿಗೋಗ್ಲಿ?"

ಅವಳು ಕಣ್ಣೊರೆಸಿಕೊಂಡು ಗೋಣಿತಾಟಿನ ಒಂದು ಬದಿಗೆ ಸರಿದಳು.

"ಇಲ್ಲೇ ಬಿದ್ದಿರಿ."